ಮೆಮೊರಿ ಕೊರತೆ ಬಗ್ಗೆ ದುಡ್ಡು ಕೊಟ್ಟು ಓದಿದ ಷೇರು ವರದಿ: ಅರ್ಧ ಚೆನ್ನಾಗಿದೆ, ಇನ್ನರ್ಧ ಇಲ್ಲವೇ ಇಲ್ಲ

ಮೊದಲೇ ಹೇಳಿಬಿಡುತ್ತೇನೆ, ಐದಕ್ಕೆ ಎರಡೂವರೆ ಅಂಕ. ಅಂಧೇರಿಯಲ್ಲಿ ಆಫೀಸು ಇಟ್ಟುಕೊಂಡಿರುವ ಒಂದು ಷೇರು ಸಂಶೋಧನಾ ಸೇವೆ ಇದು. ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿಯ ನೋಂದಣಿ ಇದೆ, ನಂಬರ್ ಹಾಕಿ ಸೆಬಿ ವೆಬ್‌ಸೈಟಿನಲ್ಲಿ ನೋಡಿಯೇ ದುಡ್ಡು ಕಟ್ಟಿದ್ದು. ವರ್ಷದ ಚಂದಾ ಹದಿನೆಂಟು ಸಾವಿರ ಚಿಲ್ಲರೆ, ಜಿಎಸ್‌ಟಿ ಬೇರೆ. ಹೆಸರು ಹಾಕುತ್ತಿಲ್ಲ. ಜಗಳಕ್ಕೆ ಹೋಗುವ ಮನಸ್ಸಿಲ್ಲ, ಮತ್ತೆ ಇಂಥ ಸೇವೆಗಳು ಮುಂಬೈಯಲ್ಲಿ ಗಲ್ಲಿಗೊಂದು ಇವೆ, ಎಲ್ಲದರ ಅಚ್ಚೂ ಹೆಚ್ಚುಕಡಿಮೆ ಒಂದೇ. ನಿಮ್ಮ ಫೋನಿಗೂ ಇವರದ್ದೋ ಇವರಂಥವರದ್ದೋ ಜಾಹೀರಾತು ಬಂದೇ ಇರುತ್ತದೆ.

ಡೊಂಬಿವಿಲಿಯಲ್ಲಿ ನಮ್ಮ ಕಡೆಯವರ ಒಂದು ಗುಂಪಿದೆ. ಬ್ಯಾಂಕಿನವರು, ಹೋಟೆಲಿನವರು, ನನ್ನಂಥ ಲೆಕ್ಕಪತ್ರದವರು. ಷೇರಿನ ಮಾತು ಬಂದರೆ ಊಟ ಆರುವುದೂ ಗೊತ್ತಾಗುವುದಿಲ್ಲ. 2025ರ ಕೊನೆಗೆ ಎಲ್ಲರ ಬಾಯಲ್ಲೂ ಒಂದೇ ವಿಷಯ, ಕಂಪ್ಯೂಟರಿನ ಮೆಮೊರಿ ಚಿಪ್ಪಾದ ರ‍್ಯಾಮ್ ಸಿಗುತ್ತಿಲ್ಲವಂತೆ, ಲ್ಯಾಪ್‌ಟಾಪ್ ರೇಟು ಏರುತ್ತದಂತೆ, ಹಾಗಾದರೆ ಕಂಪ್ಯೂಟರ್ ಕಂಪನಿಗಳ ಷೇರು ಇಟ್ಟುಕೊಳ್ಳುವುದಾ ಮಾರುವುದಾ? ಅಮೆರಿಕದ ಷೇರುಗಳನ್ನು ಆ್ಯಪ್ ಮೂಲಕ ಸ್ವಲ್ಪ ಸ್ವಲ್ಪ ಕೊಂಡವರು ನಮ್ಮಲ್ಲೇ ಐದಾರು ಜನ ಇದ್ದಾರೆ. ಅದೇ ಹೊತ್ತಿಗೆ ಈ ಸೇವೆಯವರು ಮೆಮೊರಿ ಕೊರತೆ ಮತ್ತು ಕಂಪ್ಯೂಟರ್ ಕಂಪನಿಗಳು ಎಂಬ ವಿಶೇಷ ವರದಿ ತಂದರು. ನಾನು ಚಂದಾದಾರ ಆದದ್ದು ಅದಕ್ಕೇ.

ವರದಿಯ ಮೊದಲ ಭಾಗ ನಿಜಕ್ಕೂ ಚೆನ್ನಾಗಿದೆ. ಕೊರತೆ ಯಾಕೆ ಬಂತು ಅನ್ನುವುದನ್ನು ಇಷ್ಟು ಸರಳವಾಗಿ ನಾನು ಬೇರೆಲ್ಲೂ ಓದಿಲ್ಲ. ಈ ರ‍್ಯಾಮ್ ಚಿಪ್ಪಿಗೆ ಡಿರ‍್ಯಾಮ್ ಅನ್ನುತ್ತಾರೆ, ಜಗತ್ತಿನ ಡಿರ‍್ಯಾಮ್ ಬಹುಪಾಲು ಮೂರೇ ಕಂಪನಿಗಳಿಂದ ಬರುತ್ತದೆ: ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್. ಎಐ ಸರ್ವರ್‌ಗಳಿಗೆ ಎಚ್‌ಬಿಎಂ ಅಂತ ಒಂದು ಬಗೆಯ ಮೆಮೊರಿ ಬೇಕು. ಮಾಮೂಲಿ ರ‍್ಯಾಮ್‌ನಲ್ಲಿ ಒಂದು ಬಿಟ್ ಮಾಡಲು ಎಷ್ಟು ವೇಫರ್ (ಚಿಪ್ ಕೆತ್ತುವ ಸಿಲಿಕಾನ್ ಬಿಲ್ಲೆ) ಬೇಕೋ, ಎಚ್‌ಬಿಎಂನಲ್ಲಿ ಅದರ ಸುಮಾರು ಮೂರು ಪಟ್ಟು ಬೇಕು. ಅಂದರೆ ಎಚ್‌ಬಿಎಂಗೆ ಹೋದ ಪ್ರತಿ ವೇಫರೂ ನಮ್ಮ ಲ್ಯಾಪ್‌ಟಾಪಿನ ರ‍್ಯಾಮ್‌ನ ಪಾಲಿನಿಂದ ಕಿತ್ತುಕೊಂಡದ್ದೇ. ಎಚ್‌ಬಿಎಂನಲ್ಲಿ ಲಾಭ ಜಾಸ್ತಿ, ದೊಡ್ಡ ಗಿರಾಕಿ, ಮುಂಗಡ ಒಪ್ಪಂದ. ಚಿಪ್ ಮಾಡುವವರು ಬೇರೆ ಏನು ತಾನೇ ಮಾಡಿಯಾರು! 2025ರ ಅಕ್ಟೋಬರಿನಲ್ಲಿ ಚಾಟ್‌ಜಿಪಿಟಿಯ ಕಂಪನಿ ಓಪನ್ಎಐ ಸ್ಯಾಮ್‌ಸಂಗ್, ಹೈನಿಕ್ಸ್ ಜೊತೆ ಮಾತಾಡಿದ್ದು ತಿಂಗಳಿಗೆ 9 ಲಕ್ಷ ವೇಫರ್‌ವರೆಗಿನ ಲೆಕ್ಕದಲ್ಲಿ. ಡಿಸೆಂಬರಿನಲ್ಲಿ ಮೈಕ್ರಾನ್ ತನ್ನ ಕ್ರೂಷಿಯಲ್ ಬ್ರ್ಯಾಂಡನ್ನೇ ಮುಚ್ಚುತ್ತೇನೆ ಅಂದಿತು. ಅಂಗಡಿಯಲ್ಲಿ ಪ್ಯಾಕೆಟ್ಟಿನಲ್ಲಿ ಸಿಗುತ್ತಿದ್ದ ಆ ರ‍್ಯಾಮ್, ಎಸ್‌ಎಸ್‌ಡಿ ಎಲ್ಲ ಬಂದ್, ಇದ್ದ ಸರಕು ಎಐ ಗಿರಾಕಿಗಳಿಗೆ.

ಇದೆಲ್ಲ ವರದಿಯಲ್ಲಿ ಚಿತ್ರ ಸಮೇತ ಇದೆ. ಎಚ್‌ಪಿಯ ಮುಖ್ಯಸ್ಥರು 2025ರ ನವೆಂಬರಿನಲ್ಲಿ ಹೇಳಿದ ಮಾತೂ ಇದೆ: ಒಂದು ಮಾಮೂಲಿ ಪಿಸಿಯ ವೆಚ್ಚದಲ್ಲಿ ಮೆಮೊರಿಯ ಪಾಲು 15ರಿಂದ 18 ಶೇಕಡ. ಈ ಒಂದು ಅಂಕಿ ನನಗೆ ಬಹಳ ಉಪಯೋಗಕ್ಕೆ ಬಂತು. ನೂರು ರೂಪಾಯಿಯ ಪೆಟ್ಟಿಗೆಯಲ್ಲಿ ಹದಿನಾರು ರೂಪಾಯಿ ಮೆಮೊರಿ ಅಂದುಕೊಳ್ಳಿ. ಅದು ಎರಡು ಪಟ್ಟಾದರೆ ವೆಚ್ಚ ನೂರಾ ಹದಿನಾರು. ಪಿಸಿ ಮಾರುವವರ ಕೈಗೆ ಉಳಿಯುವುದೇ ನೂರಕ್ಕೆ ಐದೋ ಆರೋ ರೂಪಾಯಿ. ಬೆಲೆ ಏರಿಸದೆ ಹೋದರೆ ಲಾಭ ಹೋಗಿ ನಷ್ಟ. ಏರಿಸಿದರೆ ಗಿರಾಕಿ ಹಳೇ ಲ್ಯಾಪ್‌ಟಾಪಿಗೇ ಹೊಸ ಬ್ಯಾಟರಿ ಹಾಕಿಸಿಕೊಂಡು ಹೋಗುತ್ತಾನೆ.

ಕಾಗದದ ಮೇಲಿನ ಮಾತು ನಂಬುವ ಮೊದಲು ಮುಂಬೈಯ ಕಂಪ್ಯೂಟರ್ ಪೇಟೆಯಾದ ಲ್ಯಾಮಿಂಗ್ಟನ್ ರೋಡಿಗೆ ಹೋಗಿ ಬಂದೆ. ಗ್ರಾಂಟ್ ರೋಡ್ ಸ್ಟೇಷನ್ನಿನಲ್ಲಿ ಇಳಿದು ಪೂರ್ವಕ್ಕೆ ನಡೆದರೆ ಆಯಿತು. ಅಲ್ಲಿ ಕುಂದಾಪುರ ಕಡೆಯವರೊಬ್ಬರ ಅಂಗಡಿ ಇದೆ, ಹಳೇ ಪರಿಚಯ. ರ‍್ಯಾಮ್ ರೇಟು ಎಷ್ಟು ಅಂತ ಕೇಳಿದರೆ ಅವರು ಹೇಳಿದ್ದು, "ಬೆಳಿಗ್ಗೆದ್ದಾ, ಈಗಿದ್ದಾ ಮಾರಾಯ್ರೆ?" ಹೊಸ ಬಗೆಯ ರ‍್ಯಾಮ್ ಡಿಡಿಆರ್5 ಎರಡು ಪಟ್ಟಿಗಿಂತ ಜಾಸ್ತಿ ಆಗಿದೆ, ಹಳೇ ಡಿಡಿಆರ್4 ಕೂಡ ಬಿಟ್ಟಿಲ್ಲ, ಅದನ್ನು ಮಾಡುವುದನ್ನೇ ಕಂಪನಿಗಳು ನಿಲ್ಲಿಸುತ್ತಾ ಬಂದಿದ್ದವು. ಕೊಟೇಷನ್ ಕೊಟ್ಟರೆ ಸಂಜೆವರೆಗೆ ಮಾತ್ರ. ಒಂದು ಆಫೀಸಿನವರು ಮೂವತ್ತು ಪಿಸಿಗೆ ಆರ್ಡರ್ ಕೊಟ್ಟು ಚೆಕ್ ತರುವಷ್ಟರಲ್ಲಿ ರೇಟು ಬದಲಾಗಿ ಜಗಳವೇ ಆಯಿತಂತೆ. ಆದರೆ ಅವರು ಇನ್ನೊಂದು ಮಾತು ಹೇಳಿದರು, ಅದು ವರದಿಯಲ್ಲಿ ಎಲ್ಲೂ ಇಲ್ಲ: "ಹತ್ತು ಬೇಕಾದವ ಈಗ ಇಪ್ಪತ್ತು ಕೇಳ್ತಾನೆ. ಮೂರು ಅಂಗಡಿಯಲ್ಲಿ ಕೇಳ್ತಾನೆ. ಪೇಟೆಗೆ ಅರವತ್ತು ಅಂತ ಕಾಣ್ತದೆ. ನಿಜವಾಗಿ ಬೇಕಾದ್ದು ಹತ್ತೇ."

ಈ ಒಂದು ಮಾತಿಗೆ ಇಡೀ ವರದಿ ಕೊಟ್ಟುಬಿಡಬಹುದು. ಯಾಕೆ ಅನ್ನುವುದು ಮುಂದೆ ಬರುತ್ತದೆ.

ಈಗ ವರದಿಯ ಎರಡನೇ ಭಾಗ, ಅಂದರೆ ನಾವು ದುಡ್ಡು ಕೊಟ್ಟ ಭಾಗ. ಅದರ ತೀರ್ಮಾನ ಎರಡು ಸಾಲು. ಮೆಮೊರಿ ಮಾಡುವವರನ್ನು ಕೊಳ್ಳಿ, ಪೆಟ್ಟಿಗೆ, ಅಂದರೆ ಕಂಪ್ಯೂಟರ್ ಮಾಡುವವರನ್ನು ಮಾರಿ. ಎಚ್‌ಪಿ, ಡೆಲ್, ಲೆನೊವೊ, ಏಸರ್, ಏಸಸ್, ಆಪಲ್ ಎಲ್ಲವೂ ಒಂದೇ ಬುಟ್ಟಿಗೆ. ನನ್ನ ತಕರಾರು ಇಲ್ಲಿಂದಲೇ ಶುರು.

ಇದೇನು ಇವರ ಸ್ವಂತ ಯೋಚನೆಯೂ ಅಲ್ಲ. 2025ರ ನವೆಂಬರಿನಲ್ಲಿ ಅಮೆರಿಕದ ಹೂಡಿಕೆ ಬ್ಯಾಂಕ್ ಮಾರ್ಗನ್ ಸ್ಟಾನ್ಲಿ ಇದೇ ಮೆಮೊರಿ ವೆಚ್ಚದ ಕಾರಣ ಕೊಟ್ಟು ಡೆಲ್, ಎಚ್‌ಪಿ ಸೇರಿ ಹಲವು ಕಂಪನಿಗಳ ರೇಟಿಂಗ್ ಇಳಿಸಿತ್ತು, ಡೆಲ್ ಷೇರು ಆ ದಿನ ಚೆನ್ನಾಗಿಯೇ ಬಿತ್ತು. ಅದಾಗಿ ವಾರ ಕಳೆದ ಮೇಲೆ ಡೆಲ್ ಮತ್ತು ಎಚ್‌ಪಿ ಒಂದೇ ದಿನ ಫಲಿತಾಂಶ ಕೊಟ್ಟವು. ಎಚ್‌ಪಿ ಮುಂದಿನ ವರ್ಷದ ಲಾಭದ ಅಂದಾಜು ಮಾರುಕಟ್ಟೆ ಎಣಿಸಿದ್ದಕ್ಕಿಂತ ಕಡಿಮೆ ಅಂತ ಹೇಳಿತು, ಜೊತೆಗೆ 4,000ದಿಂದ 6,000 ಕೆಲಸ ಕಡಿತದ ಸುದ್ದಿ. ಡೆಲ್ ಮಾತ್ರ ಎಐ ಸರ್ವರ್‌ಗಳ ಆರ್ಡರ್ ತೋರಿಸಿ ತನ್ನ ಅಂದಾಜನ್ನು ಏರಿಸಿತು. ಕೊರತೆ ಒಂದೇ, ದಿನವೂ ಒಂದೇ, ಕಥೆ ಬೇರೆ ಬೇರೆ. ನಮ್ಮ ಲ್ಯಾಪ್‌ಟಾಪಿನಿಂದ ಮೆಮೊರಿ ಕಿತ್ತುಕೊಂಡ ಆ ಎಐ ಸರ್ವರ್‌ಗಳನ್ನು ಕಟ್ಟಿ ಮಾರುವವರಲ್ಲಿ ಡೆಲ್ ಕೂಡ ಒಬ್ಬರು ತಾನೇ! ಲೆನೊವೊದವರು ಬಿಡಿಭಾಗಗಳನ್ನು ಮಾಮೂಲಿಗಿಂತ ಸುಮಾರು 50 ಶೇಕಡ ಜಾಸ್ತಿ ತುಂಬಿಟ್ಟುಕೊಂಡಿದ್ದೇವೆ ಅಂತ ಹೇಳಿಕೊಂಡಿದ್ದರು. ಇವರನ್ನೂ ಗೋದಾಮು ಖಾಲಿ ಇರುವ ಸಣ್ಣ ಕಂಪನಿಯನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿದರೆ ಹೇಗೆ?

ಆಪಲ್ ವಿಷಯ ಇನ್ನೂ ಬೇರೆ. 2005ರಲ್ಲಿ ಫ್ಲ್ಯಾಶ್ ಮೆಮೊರಿಗೆ ಎಲ್ಲರೂ ಕಚ್ಚಾಡುತ್ತಿದ್ದಾಗ ಆಪಲ್ ಸ್ಯಾಮ್‌ಸಂಗ್, ಹೈನಿಕ್ಸ್, ತೋಷಿಬಾ, ಇಂಟೆಲ್, ಮೈಕ್ರಾನ್ ಐದೂ ಕಂಪನಿಗಳಿಗೆ ಒಟ್ಟು 125 ಕೋಟಿ ಡಾಲರ್ ಮುಂಗಡ ಕೊಡುತ್ತೇವೆ ಎಂದು, 2010ರವರೆಗೆ ತನಗೆ ಬೇಕಾದ್ದನ್ನು ಕಾದಿರಿಸಿಕೊಂಡಿತ್ತು. ಕೈಯಲ್ಲಿ ದುಡ್ಡಿದ್ದವನಿಗೆ ಕೊರತೆ ಬಂದರೆ ಪಕ್ಕದವನ ಪಾಲೂ ಸಿಗುತ್ತದೆ. ದುಡ್ಡಿಲ್ಲದವನು ಅಂಗಡಿ ಬಾಗಿಲಲ್ಲಿ ನಿಂತು ದಿನದ ರೇಟಿಗೆ ಕೊಳ್ಳಬೇಕು. ಹಾಗಾಗಿ ಕೊರತೆಯ ಕಾಲದಲ್ಲಿ ನಾನು ಮೊದಲು ನೋಡುವುದು ಕಂಪನಿಯ ನಗದು, ಆಮೇಲೆ ಅದು ಕೊಳ್ಳಲು ಒಪ್ಪಿಕೊಂಡ ಮುಂಗಡ ಒಪ್ಪಂದಗಳ ಮೊತ್ತ. ಇವೆರಡೂ ವಾರ್ಷಿಕ ವರದಿಯ ಟಿಪ್ಪಣಿಗಳಲ್ಲೇ ಇರುತ್ತವೆ, ಬಿಟ್ಟಿ. ಹದಿನೆಂಟು ಸಾವಿರದ ವರದಿಯಲ್ಲಿ ಎರಡೂ ಇಲ್ಲ.

ಇನ್ನೊಂದು ಸಂಗತಿ ಇದೆ, ನಮ್ಮ ಕೆಲಸದವರಿಗೆ ಥಟ್ಟನೆ ಹೊಳೆಯುವುದು. ಡೆಲ್‌ನಂಥ ಕಂಪನಿಯ ಹಳೇ ಚಮತ್ಕಾರವೇ ಏನೆಂದರೆ ಗಿರಾಕಿಯಿಂದ ದುಡ್ಡು ಮೊದಲು ಬರುತ್ತದೆ, ಬಿಡಿಭಾಗ ಕೊಟ್ಟವರಿಗೆ ಆಮೇಲೆ ಹೋಗುತ್ತದೆ. ನಡುವಿನ ದಿನಗಳಲ್ಲಿ ಬೇರೆಯವರ ದುಡ್ಡಿನಲ್ಲೇ ವ್ಯಾಪಾರ. ಕೊರತೆ ಬಂದ ಕೂಡಲೇ ಇದು ತಲೆಕೆಳಗಾಗುತ್ತದೆ. ಚಿಪ್‌ನವನು ದುಡ್ಡು ಮೊದಲು ಇಡು ಅನ್ನುತ್ತಾನೆ, ಸಿಕ್ಕಿದ್ದನ್ನೆಲ್ಲ ಕೊಂಡು ಗೋದಾಮಿನಲ್ಲಿ ಇಡಬೇಕಾಗುತ್ತದೆ, ಒಂದು ಸಣ್ಣ ಭಾಗ ಬರದೆ ನೂರು ಭಾಗ ಸೇರಿಸಿದ ಲ್ಯಾಪ್‌ಟಾಪ್ ಅರ್ಧಕ್ಕೇ ನಿಲ್ಲುತ್ತದೆ. ಲಾಭದ ಪಟ್ಟಿಯಲ್ಲಿ ಏನೂ ಕಾಣಿಸದೆ ಇರುವಾಗಲೇ ನಗದು ಹರಿವಿನ ಪಟ್ಟಿಯಲ್ಲಿ ಕಾಣಿಸಿಕೊಳ್ಳುತ್ತದೆ. ವರದಿ ಬರೆದ ಹುಡುಗರು ಜಾಣರೇ, ಆದರೆ ಲಾಭದ ಪಟ್ಟಿ ಬಿಟ್ಟು ಆಚೆ ಹೋಗಿಯೇ ಇಲ್ಲ.

ವರದಿಯ ಅತಿ ದೊಡ್ಡ ಕೊರತೆ ಅಂದರೆ ಹಳೇ ಕಥೆಗಳದ್ದು. ಇದು ಮೊದಲ ಸಲ ಬಂದ ವಿಪತ್ತು ಎಂಬ ಹಾಗೆ ಬರೆದಿದ್ದಾರೆ. ಅಲ್ಲವೇ ಅಲ್ಲ. 1993ರ ಜುಲೈಯಲ್ಲಿ ಜಪಾನಿನ ನೀಹಾಮಾದಲ್ಲಿ ಸುಮಿಟೊಮೊ ಕೆಮಿಕಲ್‌ನ ಒಂದು ರಾಳದ ಕಾರ್ಖಾನೆ ಸಿಡಿಯಿತು. ಚಿಪ್ ಮೇಲಿನ ಕಪ್ಪು ಕವಚಕ್ಕೆ ಬೇಕಾಗುವ ರಾಳದಲ್ಲಿ ಜಗತ್ತಿನ ಅರ್ಧಕ್ಕಿಂತ ಜಾಸ್ತಿ ಅಲ್ಲೇ ತಯಾರಾಗುತ್ತಿತ್ತು. ಒಂದು ಕಾರ್ಖಾನೆಯ ಬೆಂಕಿಗೆ ಎಲ್ಲ ಕಡೆ ಮೆಮೊರಿ ಬೆಲೆ ಸುಮಾರು ಎರಡು ಪಟ್ಟಾಯಿತು.

2011 ಎಲ್ಲಕ್ಕಿಂತ ದೊಡ್ಡ ಪಾಠ, ಅದರ ಬಗ್ಗೆ ಒಂದು ಪುಟವಾದರೂ ಬೇಕಿತ್ತು. ಆ ವರ್ಷ ಥಾಯ್ಲೆಂಡಿನಲ್ಲಿ ಪ್ರವಾಹ ಬಂದು ವೆಸ್ಟರ್ನ್ ಡಿಜಿಟಲ್‌ನ ಹಾರ್ಡ್ ಡಿಸ್ಕ್ ಕಾರ್ಖಾನೆಗಳ ಒಳಗೇ ನೀರು ನಿಂತಿತು. ಹಾರ್ಡ್ ಡಿಸ್ಕ್ ರೇಟು ಎಲ್ಲ ಕಡೆ ಹಾರಿತು. ನಮ್ಮ ಲ್ಯಾಮಿಂಗ್ಟನ್ ರೋಡಿನವರಿಗೆ ಆ ದಿನಗಳು ಇವತ್ತಿಗೂ ನೆನಪಿವೆ. ನೀರು ಹೊಕ್ಕ ಕಂಪನಿಯ ಷೇರು ಮಾರಬೇಕು ಅಂತ ಯಾರಿಗಾದರೂ ಅನ್ನಿಸುತ್ತದೆ, ಅಲ್ವಾ? ಲೆಕ್ಕ ನೋಡಿ. ಹಿಂದಿನ ತ್ರೈಮಾಸಿಕದಲ್ಲಿ 5.8 ಕೋಟಿಯಷ್ಟು ಡ್ರೈವ್ ಮಾರಿದ್ದ ವೆಸ್ಟರ್ನ್ ಡಿಜಿಟಲ್, ಪ್ರವಾಹದ ತ್ರೈಮಾಸಿಕದಲ್ಲಿ 2.85 ಕೋಟಿಗೆ ಇಳಿಯಿತು. ಅರ್ಧ. ಆದರೂ ಲಾಭದಲ್ಲೇ ಉಳಿಯಿತು, ಅದರ ಗ್ರಾಸ್ ಮಾರ್ಜಿನ್ (ಮಾರಿದ ದುಡ್ಡಿನಲ್ಲಿ ತಯಾರಿ ವೆಚ್ಚ ಕಳೆದು ಉಳಿಯುವ ಪಾಲು) 20 ಶೇಕಡದಿಂದ 32ಕ್ಕೆ ಏರಿತು. ಕಾರ್ಖಾನೆಗೆ ನೀರು ಬಾರದ ಸೀಗೇಟ್‌ಗಂತೂ ಹಬ್ಬವೇ. 2012ರ ಜನವರಿಯಿಂದ ಮಾರ್ಚ್‌ವರೆಗಿನ ಮೂರು ತಿಂಗಳಲ್ಲಿ 450 ಕೋಟಿ ಡಾಲರ್ ವ್ಯಾಪಾರಕ್ಕೆ 110 ಕೋಟಿ ಡಾಲರ್ ನಿವ್ವಳ ಲಾಭ. ಹಿಂದಿನ ವರ್ಷ ಇದೇ ತಿಂಗಳುಗಳಲ್ಲಿ ಅದು 10 ಕೋಟಿಯನ್ನೂ ಮುಟ್ಟಿರಲಿಲ್ಲ.

ಹಾಗಾದರೆ ಪೆಟ್ಟು ತಿಂದವರು ಯಾರು? ಪಿಸಿ ಮಾಡುವವರು, ಮತ್ತೆ ಹಾರ್ಡ್ ಡಿಸ್ಕಿಗೂ ತನಗೂ ನೇರ ಸಂಬಂಧವೇ ಇಲ್ಲದ ಇಂಟೆಲ್. ಡಿಸ್ಕ್ ಇಲ್ಲದೆ ಪಿಸಿ ಇಲ್ಲ, ಪಿಸಿ ಇಲ್ಲದೆ ಪ್ರೊಸೆಸರ್ ಯಾರಿಗೆ ಬೇಕು. 2011ರ ಡಿಸೆಂಬರಿನಲ್ಲಿ ಇಂಟೆಲ್ ತನ್ನ ತ್ರೈಮಾಸಿಕದ ಅಂದಾಜನ್ನು 1,470 ಕೋಟಿ ಡಾಲರಿನಿಂದ 1,370 ಕೋಟಿಗೆ ಇಳಿಸಿತು. ಕೊರತೆಯ ಪೆಟ್ಟು ಅದು ಶುರುವಾದ ಜಾಗದಲ್ಲೇ ಬೀಳಬೇಕು ಅಂತೇನಿಲ್ಲ. ಈ ಸಲ ಮೆಮೊರಿ ಇಲ್ಲ ಅಂದರೆ ಪ್ರೊಸೆಸರ್, ಸ್ಕ್ರೀನು, ಕೀಬೋರ್ಡು ಮಾಡುವವರಿಗೂ ಆರ್ಡರ್ ಕಡಿಮೆಯಾಗುತ್ತದೆ. ವರದಿಯಲ್ಲಿ ಅವರ ಸುದ್ದಿಯೇ ಇಲ್ಲ.

ಆಮೇಲೆ ಆಪಲ್‌ನದ್ದೇ ಎರಡು ಕಥೆ. 1999ರ ಸೆಪ್ಟೆಂಬರಿನಲ್ಲಿ ಮೊಟೊರೊಲಾ ಮ್ಯಾಕ್ ಕಂಪ್ಯೂಟರಿಗೆ ಬೇಕಾದ ಜಿ4 ಚಿಪ್ಪನ್ನು ಸಾಕಷ್ಟು ಕೊಡಲಿಲ್ಲ, ಈ ತ್ರೈಮಾಸಿಕದ ಲಾಭ ಕಡಿಮೆ ಬರುತ್ತದೆ ಅಂತ ಆಪಲ್ ಹೇಳಿತು. ಅದೇ ಹೊತ್ತಿಗೆ ತೈವಾನ್ ಭೂಕಂಪ ಬೇರೆ. ಷೇರು ಬಿತ್ತು, ವರ್ಷದ ಕೊನೆಯೊಳಗೆ ಬಿದ್ದದ್ದಕ್ಕಿಂತ ಮೇಲೆ ಹೋಯಿತು. ಒಂದು ವರ್ಷ ಬಿಟ್ಟು 2000ದ ಸೆಪ್ಟೆಂಬರ್ 29ರಂದು ಅದೇ ಷೇರು ಒಂದೇ ದಿನದಲ್ಲಿ ಅರ್ಧಕ್ಕಿಂತ ಜಾಸ್ತಿ ಕುಸಿಯಿತು. ಆಗ ಯಾವ ಚಿಪ್ಪಿನ ಕೊರತೆಯೂ ಇರಲಿಲ್ಲ. ಕೊಳ್ಳುವವರು ಕಡಿಮೆಯಾಗಿದ್ದರು, ಅಷ್ಟೇ.

ಎರಡನೆಯದು 2021ರ ಅಕ್ಟೋಬರ್. ಬಿಡಿಭಾಗ ಸಿಗದೆ ಈ ತ್ರೈಮಾಸಿಕದಲ್ಲಿ ಸುಮಾರು 600 ಕೋಟಿ ಡಾಲರ್ ವ್ಯಾಪಾರ ಕೈತಪ್ಪಿತು, ಮುಂದಿನದರಲ್ಲಿ ಇನ್ನೂ ಜಾಸ್ತಿ ತಪ್ಪುತ್ತದೆ ಅಂತ ಆಪಲ್ ಮುಖ್ಯಸ್ಥರಾಗಿದ್ದ ಟಿಮ್ ಕುಕ್ ಹೇಳಿದರು. ಮರುದಿನ ಷೇರು ಇಳಿದು, ಜಗತ್ತಿನ ಅತಿ ಹೆಚ್ಚು ಬೆಲೆಬಾಳುವ ಕಂಪನಿ ಎಂಬ ಪಟ್ಟ ಮೈಕ್ರೋಸಾಫ್ಟಿಗೆ ಹೋಯಿತು. ಹೆದರಿ ಮಾರಿದವರು ಎಷ್ಟು ಜನವೋ. ಆಮೇಲಿನ ತ್ರೈಮಾಸಿಕದಲ್ಲಿ ಆಪಲ್ 12,390 ಕೋಟಿ ಡಾಲರ್ ಆದಾಯ ತೋರಿಸಿತು, ಅದುವರೆಗಿನ ದಾಖಲೆ. 2022ರ ಜನವರಿ 3ರಂದು ಕಂಪನಿಯ ಬೆಲೆ 3 ಲಕ್ಷ ಕೋಟಿ ಡಾಲರ್ ಮುಟ್ಟಿತು. ಐಫೋನ್ ಬೇಕಾದವನು ಇವತ್ತು ಸಿಗದಿದ್ದರೆ ಮುಂದಿನ ತಿಂಗಳು ಬಂದು ತೆಗೆದುಕೊಳ್ಳುತ್ತಾನೆ. ವ್ಯಾಪಾರ ಮುಂದಕ್ಕೆ ಹೋಗುತ್ತದೆ, ಕೈಬಿಟ್ಟು ಹೋಗುವುದಿಲ್ಲ. ಅಗ್ಗದ ಲ್ಯಾಪ್‌ಟಾಪಿನ ವಿಷಯದಲ್ಲಿ ಹೀಗೆ ಹೇಳಲಾಗದು, ಒಂದು ಬ್ರ್ಯಾಂಡ್ ಇಲ್ಲದಿದ್ದರೆ ಪಕ್ಕದ್ದು. 2018, 2019ರಲ್ಲಿ ಇಂಟೆಲ್ ಪ್ರೊಸೆಸರ್ ಸಾಲದೆ ಬಂದಾಗ ಪಿಸಿ ಕಂಪನಿಗಳು ಎಎಂಡಿ ಕಡೆ ತಿರುಗಿದವು. ಹಾಗೆ ಹೋದ ಗಿರಾಕಿ ಇಂಟೆಲ್‌ಗೆ ಪೂರ್ತಿ ವಾಪಸ್ ಬರಲೇ ಇಲ್ಲ. ಯಾವ ಕಂಪನಿಯ ಗಿರಾಕಿ ಕಾಯುತ್ತಾನೆ, ಯಾರದ್ದು ಕಾಯುವುದಿಲ್ಲ ಅನ್ನುವುದು ಗೊತ್ತಿಲ್ಲದೆ ಎಲ್ಲವನ್ನೂ ಮಾರಿ ಅಂದರೆ ಅದು ಸಲಹೆಯೇ?

ಈಗ ಕುಂದಾಪುರದವರ ಮಾತಿಗೆ ಬರುತ್ತೇನೆ. ಹತ್ತು ಬೇಕಾದವನು ಅರವತ್ತು ಕೇಳುವುದು. 2020, 2021ರಲ್ಲಿ ಇಡೀ ಜಗತ್ತು ಮಾಡಿದ್ದು ಇದನ್ನೇ. ಮನೆಯಿಂದ ಕೆಲಸ, ಮನೆಯಲ್ಲೇ ಶಾಲೆ, ಎಲ್ಲರಿಗೂ ಲ್ಯಾಪ್‌ಟಾಪ್ ಬೇಕು. ಚಿಪ್ ಸಿಗುವುದಿಲ್ಲ ಅಂತ ಎಲ್ಲ ಕಂಪನಿಯೂ ಬೇಕಾದ್ದಕ್ಕಿಂತ ಜಾಸ್ತಿ ಆರ್ಡರ್ ಹಾಕಿತು, ಹಂಚುವವರು ಹಾಕಿದರು, ಅಂಗಡಿಯವರೂ ಹಾಕಿದರು. 2022ರಲ್ಲಿ ಮಾಲು ಬಂತು, ಕೊಳ್ಳುವವರು ಇರಲಿಲ್ಲ. ಮಾರುಕಟ್ಟೆ ಸಮೀಕ್ಷೆ ಸಂಸ್ಥೆ ಐಡಿಸಿಯ ಲೆಕ್ಕದ ಪ್ರಕಾರ 2023ರ ಮೊದಲ ಮೂರು ತಿಂಗಳಲ್ಲಿ ಪಿಸಿ ಸಾಗಣೆ ಹಿಂದಿನ ವರ್ಷಕ್ಕಿಂತ 29 ಶೇಕಡ ಕಡಿಮೆ. ಅದೇ ತ್ರೈಮಾಸಿಕದಲ್ಲಿ ಇಂಟೆಲ್‌ಗೆ ಸುಮಾರು 280 ಕೋಟಿ ಡಾಲರ್ ನಷ್ಟ. ಈಗ ಎಲ್ಲರೂ ಕೊಂಡಾಡುವ ಮೈಕ್ರಾನ್, 2023ರ ಹಣಕಾಸು ವರ್ಷದಲ್ಲಿ ಕಳೆದುಕೊಂಡದ್ದು 583 ಕೋಟಿ ಡಾಲರ್. ಎರಡು ವರ್ಷ ಬಿಟ್ಟು 2025ರಲ್ಲಿ 3,700 ಕೋಟಿ ಡಾಲರ್ ಮೀರಿ ದಾಖಲೆ ಆದಾಯ. ಕಂಪನಿಯೂ ಅದೇ, ಮಾಡುವುದೂ ಅದೇ ಮೆಮೊರಿ. ಜೀಕುವ ಉಯ್ಯಾಲೆ ತುತ್ತತುದಿಯಲ್ಲಿ ಇರುವಾಗ ಹತ್ತಿಕೊಳ್ಳಿ ಅಂತ ಹೇಳುವ ವರದಿ, ಅದು ವಾಪಸ್ ಬರುತ್ತದೆ ಅನ್ನುವುದನ್ನು ಒಂದು ಸಾಲಿನಲ್ಲಾದರೂ ಹೇಳಬೇಕಿತ್ತು.

ಈ ಸಲ ಎಐ ಇದೆ, ಕಥೆ ಬೇರೆ ಅನ್ನುವವರಿದ್ದಾರೆ. ಇರಬಹುದು, ಹೊಸ ಕಾರ್ಖಾನೆ ಕಟ್ಟಲು ವರ್ಷಗಳು ಬೇಕು, ಹಾಗಾಗಿ ಕೊರತೆ ಬೇಗ ಮುಗಿಯುವಂತೆ ಕಾಣುವುದಿಲ್ಲ. ಆದರೂ ಇವತ್ತಿನ ಆರ್ಡರಿನಲ್ಲಿ ಎಷ್ಟು ಹತ್ತು, ಎಷ್ಟು ಅರವತ್ತು ಅಂತ ಯಾರಾದರೂ ಕೇಳಬೇಡವೇ? ತಿಂಗಳ ಆನ್‌ಲೈನ್ ಸಭೆಯಲ್ಲಿ ನಾನು ಇದೇ ಪ್ರಶ್ನೆ ಹಾಕಿದೆ. "ಒಳ್ಳೆ ಪ್ರಶ್ನೆ ಸರ್, ಮುಂದಿನ ಸಂಚಿಕೆಯಲ್ಲಿ ನೋಡುತ್ತೇವೆ" ಅಂದರು. ಮುಂದಿನ ಸಂಚಿಕೆ ಬಂತು. ಅದು ಬೆಳ್ಳಿಯ ಬಗ್ಗೆ.

ಭಾರತದ ಷೇರುಗಳ ಭಾಗ ತೀರಾ ತೆಳು. ಇಲ್ಲಿ ಪಟ್ಟಿಯಾದ ಮೆಮೊರಿ ಚಿಪ್ ಕಂಪನಿ ಇಲ್ಲ, ಅದನ್ನು ನೇರವಾಗಿ ಹೇಳಿದ್ದರೆ ಸಾಕಿತ್ತು. ಮೈಕ್ರಾನ್ ಗುಜರಾತಿನ ಸಾಣಂದದಲ್ಲಿ ಕಟ್ಟಿದ್ದು ಚಿಪ್ ಜೋಡಿಸಿ ಪರೀಕ್ಷೆ ಮಾಡುವ ಘಟಕ, ವೇಫರ್ ಮಾಡುವುದಲ್ಲ. ಅದರಲ್ಲಿ ಪಾಲು ಬೇಕಾದರೂ ಅಮೆರಿಕದ ಷೇರನ್ನೇ ಕೊಳ್ಳಬೇಕು. ವರದಿಯವರು ಜಾಗ ತುಂಬಿಸಲು ಎಲೆಕ್ಟ್ರಾನಿಕ್ಸ್ ಜೋಡಿಸುವ ಡಿಕ್ಸನ್, ಸರ್ವರ್ ಮಾಡುವ ನೆಟ್‌ವೆಬ್, ನಮ್ಮ ಮುಂಬೈಯದ್ದೇ ಆದ ರಾಶಿ ಪೆರಿಫೆರಲ್ಸ್ ಹೆಸರು ಹಾಕಿದ್ದಾರೆ. ಮೂರಕ್ಕೂ ಕೊರತೆಯ ಪರಿಣಾಮ ಬೇರೆ ಬೇರೆ. ರಾಶಿ 2024ರ ಫೆಬ್ರವರಿಯಲ್ಲಿ 311 ರೂಪಾಯಿಗೆ ಐಪಿಒ ತಂದ ಹಂಚಿಕೆದಾರ ಕಂಪನಿ. ಹಂಚುವವರ ಹತ್ತಿರ ಹಳೇ ರೇಟಿನ ಮಾಲು ಇದ್ದರೆ ಬೆಲೆ ಏರಿದ ಮೊದಲ ಒಂದೆರಡು ತ್ರೈಮಾಸಿಕ ಲಾಭ ಚೆನ್ನಾಗಿ ಕಾಣುತ್ತದೆ, ಆಮೇಲೆ ಅದೇ ಮಾಲನ್ನು ಹೊಸ ರೇಟಿಗೆ ತುಂಬಲು ಸಾಲ ಜಾಸ್ತಿ ಬೇಕು, ರೇಟು ಇಳಿದ ದಿನ ಗೋದಾಮಿನಲ್ಲಿ ಇದ್ದದ್ದಕ್ಕೆಲ್ಲ ನಷ್ಟ. ಇದು ಆ ಕಂಪನಿಯ ದೋಷ ಅಲ್ಲ, ಹಂಚುವ ವ್ಯಾಪಾರದ ಗುಣವೇ ಹಾಗೆ. ಪಿಎಲ್ಐ, ಅಂದರೆ ಇಲ್ಲೇ ತಯಾರಿಸುವವರಿಗೆ ಸರ್ಕಾರ ಕೊಡುವ ಪ್ರೋತ್ಸಾಹ ಧನದ ಬಗ್ಗೆ ಎರಡು ಪುಟ ಇದೆ, 17,000 ಕೋಟಿ ರೂಪಾಯಿಯ ಯೋಜನೆ ಅಂತ ದಪ್ಪ ಅಕ್ಷರದಲ್ಲಿ. ಮೆಮೊರಿ ಬಾರದೆ ಜೋಡಣೆ ಸಾಲು ನಿಂತರೆ ಆ ಪ್ರೋತ್ಸಾಹ ಧನ ಹೇಗೆ ಬರುತ್ತದೆ ಅನ್ನುವುದಕ್ಕೆ ಅರ್ಧ ಸಾಲೂ ಇಲ್ಲ.

ಅಮೆರಿಕದ ಷೇರು ಕೊಳ್ಳಿ ಅನ್ನುವಾಗ ಖರ್ಚಿನ ಮಾತು ಆಡಬೇಕಲ್ಲವೇ. ಡಾಲರ್ ಕಳಿಸುವಾಗ ಬ್ಯಾಂಕಿನವರು ಕಟ್ ಮಾಡುವ ವ್ಯತ್ಯಾಸ, ವರ್ಷಕ್ಕೆ 10 ಲಕ್ಷ ರೂಪಾಯಿ ಮೀರಿದ್ದಕ್ಕೆ 20 ಶೇಕಡ ಟಿಸಿಎಸ್ (ಕಳಿಸುವಾಗಲೇ ಬ್ಯಾಂಕಿನವರು ವಸೂಲಿ ಮಾಡುವ ಮುಂಗಡ ತೆರಿಗೆ), ಡಿವಿಡೆಂಡಿನಲ್ಲಿ 25 ಶೇಕಡ ಅಲ್ಲೇ ಹಿಡಿಯುವುದು, ರಿಟರ್ನಿನಲ್ಲಿ ವಿದೇಶಿ ಆಸ್ತಿಯ ಪಟ್ಟಿ ತುಂಬುವುದು. ಟಿಸಿಎಸ್ ವಾಪಸ್ ಬರುತ್ತದೆ ನಿಜ, ಆದರೆ ಅಷ್ಟು ದಿನ ದುಡ್ಡು ಸಿಕ್ಕಿಕೊಂಡಿರುತ್ತದೆ. ಕೊರತೆಯ ಸುದ್ದಿ ನೋಡಿ ಮೂರು ತಿಂಗಳಿಗೆ ಒಳಗೆ ಹೋಗಿ ಹೊರಗೆ ಬರುವವನಿಗೆ ಈ ಖರ್ಚೇ ಲಾಭದ ದೊಡ್ಡ ಪಾಲನ್ನು ತಿನ್ನುತ್ತದೆ. 24 ತಿಂಗಳ ಒಳಗೆ ಮಾರಿದರೆ ಲಾಭಕ್ಕೆ ನಿಮ್ಮ ಸ್ಲ್ಯಾಬಿನ ತೆರಿಗೆ ಬೇರೆ.

ಸೇವೆಯ ಉಳಿದ ಅಂಗಗಳ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಟೆಲಿಗ್ರಾಂ ಚಾನೆಲ್ ಇದೆ, ತೀರಾ ಗಲಾಟೆ. ಪ್ರತಿ ಸುದ್ದಿಗೂ ಬೆಂಕಿಯ ಇಮೋಜಿ. ನನಗೆ ಸಿಟ್ಟು ಬಂದದ್ದು ಅಲರ್ಟ್ ಬಗ್ಗೆ. ಒಂದು ಕಂಪನಿ ತನ್ನ ಅಂದಾಜು ಇಳಿಸಿದ ಸುದ್ದಿ ರಾತ್ರಿಯೇ ಬಂದಿತ್ತು, ಇವರ "ತುರ್ತು" ಸಂದೇಶ ಬಂದದ್ದು ಮರುದಿನ ಮಧ್ಯಾಹ್ನ ಊಟದ ಹೊತ್ತಿಗೆ. ಅಷ್ಟರಲ್ಲಿ ಬೆಳಗಿನ ಲೋಕಲ್‌ನಲ್ಲಿ ಪಕ್ಕ ನಿಂತವನ ಫೋನಿನಲ್ಲೇ ನಾನು ಓದಿ ಆಗಿತ್ತು. ಗ್ರಾಹಕ ಸೇವೆಗೆ ಫೋನ್ ಹಾಕಿದರೆ ಎತ್ತುತ್ತಾರೆ, ಸಭ್ಯವಾಗಿ ಮಾತಾಡುತ್ತಾರೆ, ಅದನ್ನು ಒಪ್ಪಲೇಬೇಕು. ವರದಿ ಬರೆದವರ ಕೈಯಲ್ಲಿ ಅದೇ ಷೇರು ಇದೆಯೇ ಅನ್ನುವ ಘೋಷಣೆ ಪ್ರತಿ ವರದಿಯ ಕೊನೆಯಲ್ಲಿ ಸರಿಯಾಗಿ ಹಾಕುತ್ತಾರೆ. ಅಕ್ಷರ ಮಾತ್ರ ಇರುವೆ ಸಾಲಿನಷ್ಟು ಸಣ್ಣ.

ಒಳ್ಳೆಯದು ಅಂದರೆ ತಿಂಗಳ ಸಭೆ. ಬೇರೆ ಚಂದಾದಾರರು ಕೇಳುವ ಪ್ರಶ್ನೆಗಳಲ್ಲೇ ಕಲಿಯಲು ಸಿಗುತ್ತದೆ. ಒಂದು ಸಲ ಪುಣೆಯ ಒಬ್ಬ ಮಹಿಳೆ, ಯಾವುದೋ ಕಾರ್ಖಾನೆಯಲ್ಲಿ ಖರೀದಿ ವಿಭಾಗದವರಂತೆ, ಸರಬರಾಜು ಮಾಡುವವರು ಯಾರಿಗೆ ಮೊದಲು ಕೊಡುತ್ತಾರೆ, ಯಾರನ್ನು ಕಾಯಿಸುತ್ತಾರೆ ಅನ್ನುವುದನ್ನು ಹತ್ತು ನಿಮಿಷದಲ್ಲಿ ಬಿಡಿಸಿ ಹೇಳಿದರು. ದೊಡ್ಡ ಆರ್ಡರ್, ಹಳೇ ಸಂಬಂಧ, ಬೇಗ ದುಡ್ಡು, ಈ ಮೂರಿದ್ದವರಿಗೆ ಮೊದಲು. ಉಳಿದವರಿಗೆ "ಬರ್ತಾ ಇದೆ". ಅವರೇ ವರದಿ ಬರೆದಿದ್ದರೆ ನಾನು ಇನ್ನೂ ಒಂದು ಅಂಕ ಜಾಸ್ತಿ ಕೊಡುತ್ತಿದ್ದೆ.

ಯಾರು ತೆಗೆದುಕೊಳ್ಳಬಹುದು ಅಂದರೆ, ಚಿಪ್ಪು ಮೆಮೊರಿ ಇವುಗಳ ಗಂಧಗಾಳಿ ಇಲ್ಲದವರು, ಓದಲು ಸಮಯ ಇರುವವರು, ಅದೂ ವರದಿಯ ಮೊದಲ ಭಾಗಕ್ಕೆ ಮಾತ್ರ. ಕೊಳ್ಳು, ಮಾರು ಅನ್ನುವ ಪುಟ ಬಂದ ಕೂಡಲೇ ಮುಚ್ಚಿಡಿ. ಕಂಪನಿಗಳ ತ್ರೈಮಾಸಿಕ ಸಭೆಯ ಮಾತುಕತೆ ಅವರವರ ವೆಬ್‌ಸೈಟಿನಲ್ಲೇ ಕೇಳಲು ಸಿಗುತ್ತದೆ. ಅದರಲ್ಲಿ ಮೆಮೊರಿ, ದಾಸ್ತಾನು, ಬೆಲೆ ಏರಿಕೆ ಈ ಮೂರು ಮಾತು ಬಂದ ಕಡೆ ಕಿವಿಗೊಟ್ಟರೆ ವರದಿಯ ಮುಕ್ಕಾಲು ಪಾಲು ಬಿಟ್ಟಿ ಸಿಕ್ಕಿದ ಹಾಗೆ.

ಚಂದಾ ನಡುವೆ ಬಿಟ್ಟರೆ ಉಳಿದ ತಿಂಗಳುಗಳ ದುಡ್ಡು ವಾಪಸ್ ಕೊಡಬೇಕು ಅಂತ ಸೆಬಿ ನಿಯಮ ಇದೆ, ಬಹಳ ಜನರಿಗೆ ಇದು ಗೊತ್ತಿಲ್ಲ. ನಮ್ಮ ಗುಂಪಿನ ಹೋಟೆಲಿನವರೊಬ್ಬರು ಬಿಡುತ್ತೇನೆ ಅಂತ ಮೇಲ್ ಹಾಕಿದಾಗ ಮೊದಲು ರಿಯಾಯಿತಿ ಕೊಡುತ್ತೇವೆ ಅಂದರು, ಆಮೇಲೆ ಇನ್ನೊಂದು ವರದಿ ಉಚಿತ ಅಂದರು. ನಿಯಮದ ಮಾತು ಎತ್ತಿ, ಸೆಬಿಯ ದೂರು ವೆಬ್‌ಸೈಟ್ ಸ್ಕೋರ್ಸ್‌ನಲ್ಲಿ ದೂರು ಹಾಕುತ್ತೇನೆ ಅಂದ ಮೇಲೆ ದುಡ್ಡು ಅಕೌಂಟಿಗೆ ಬಂತು. ನಾನು ಬಿಟ್ಟಿಲ್ಲ, ತಿಂಗಳ ಸಭೆಗೋಸ್ಕರ ಮುಗಿಯುವವರೆಗೆ ಇರುತ್ತೇನೆ. ನವೀಕರಣಕ್ಕೆ ಈಗಲೇ ಫೋನ್ ಬರುತ್ತಿದೆ, ಅರ್ಧ ಬೆಲೆಗೆ ಎರಡು ವರ್ಷವಂತೆ. ಬರೀ ಸಭೆಗೆ ಬೇರೆ ರೇಟು ಇದೆಯಾ ಅಂತ ಕೇಳಿದ್ದೇನೆ, ಉತ್ತರ ಬಂದಿಲ್ಲ.